ಗೋಧಿಯ ವರ್ಣತಂತುಗಳು ಜೋಡಿ ತಪ್ಪುವುದಿಲ್ಲವೇಕೆ?

ಪ್ರಶ್ನೆ: ಮೂರು ಸೆಟ್ ವರ್ಣತಂತುಗಳಿರುವುದರಿಂದ ನಾವು ತಿನ್ನುವ ಬಾಳೆಹಣ್ಣಿನಲ್ಲಿ ಬೀಜವಿಲ್ಲ ಎಂದು ಓದಿದ್ದೇನೆ. ಗೋಧಿಯಲ್ಲಿ ಆರು ಸೆಟ್ ಇವೆಯಂತೆ. ಅದು ಹೇಗೆ ತೆನೆ ತುಂಬ ಕಾಳು ಕಟ್ಟುತ್ತದೆ?

ಉತ್ತರ: ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದು, ಆರನ್ನು ಮಾಡಬಹುದು. ಆದರೆ ಇದು ಅರ್ಧ ಉತ್ತರವಷ್ಟೇ.

ಬ್ರೆಡ್ ಗೋಧಿಯ 42 ವರ್ಣತಂತುಗಳು ಮೂರು ಹುಲ್ಲುಗಳಿಂದ ಬಂದವು. ಎ, ಬಿ, ಡಿ ಎಂದು ಹೆಸರು. ಒಂದೊಂದರಿಂದ ಏಳು ಜೋಡಿ. ಮೂಲ ಹುಲ್ಲುಗಳು ಹತ್ತಿರದ ಸಂಬಂಧಿಗಳಾದ್ದರಿಂದ 1ಎ, 1ಬಿ, 1ಡಿ ಪರಸ್ಪರ ದಾಯಾದಿಗಳಿದ್ದಂತೆ, ಬಹಳ ಹೋಲುತ್ತವೆ. ಪರಾಗ, ಅಂಡ ತಯಾರಾಗುವಾಗ ಪ್ರತಿ ವರ್ಣತಂತುವೂ ತನ್ನದೇ ಜೊತೆಗಾರನನ್ನು ಹುಡುಕಿ ಕೂಡಿಕೊಳ್ಳಬೇಕು, ತುಣುಕು ಅದಲುಬದಲಾಗಬೇಕು, ಆಮೇಲೆ ಬೇರೆಯಾಗಬೇಕು. 1ಎ ಹೋಗಿ 1ಬಿಯನ್ನು ಕೂಡಿದರೆ ಹಂಚಿಕೆ ಕೆಟ್ಟು ಕಾಳು ಕಡಿಮೆಯಾಗುತ್ತದೆ.

ಅದನ್ನು ತಡೆಯುವುದು 5ಬಿ ವರ್ಣತಂತುವಿನ ಉದ್ದ ತೋಳಿನಲ್ಲಿರುವ ‘ಪಿಎಚ್1’ ಎಂಬ ಭಾಗ. 1958ರಲ್ಲಿ ಇದನ್ನು ಕೇಂಬ್ರಿಡ್ಜ್‌ನಲ್ಲಿ ರಾಲ್ಫ್ ರೈಲಿ ಮತ್ತು ವಿಕ್ಟರ್ ಚಾಪ್‌ಮನ್, ಅಮೆರಿಕದಲ್ಲಿ ಅರ್ನೆಸ್ಟ್ ಸಿಯರ್ಸ್ ಮತ್ತು ಒಕಾಮೊಟೊ ಪ್ರತ್ಯೇಕವಾಗಿ ತೋರಿಸಿದರು. ಗೋಧಿಯಲ್ಲಿ ಅಪರೂಪಕ್ಕೆ ಅರ್ಧದಷ್ಟೇ, ಅಂದರೆ 21 ವರ್ಣತಂತುಗಳಿರುವ ಗಿಡ ಹುಟ್ಟುವುದುಂಟು. ಅದರಲ್ಲಿ ಯಾವ ವರ್ಣತಂತುವಿಗೂ ತನ್ನದೇ ಜೊತೆಗಾರನಿರುವುದಿಲ್ಲ, ದಾಯಾದಿಗಳಷ್ಟೇ ಇರುತ್ತವೆ. ಅದರ ಎಳೆಯ ಪರಾಗಕೋಶಕ್ಕೆ ಬಣ್ಣ ಹಾಕಿ, ಗಾಜಿನ ಮೇಲೆ ಅದುಮಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣತಂತುಗಳು ಬಹುಮಟ್ಟಿಗೆ ಒಂಟಿಯಾಗಿ ಚದುರಿರುತ್ತವೆ. 5ಬಿ ಇಲ್ಲದ ಅಂಥದೇ ಗಿಡದಲ್ಲಾದರೋ ಎರಡು ಮೂರು ಸೇರಿ ಅಂಟಿಕೊಂಡಿರುತ್ತವೆ. ಕೂಡುವ ಶಕ್ತಿ ದಾಯಾದಿಗಳಿಗೆ ಮೊದಲಿನಿಂದಲೂ ಇತ್ತು, 5ಬಿ ಅದನ್ನು ಹತ್ತಿಕ್ಕಿತ್ತು! ಇಷ್ಟು ಸರಳವಾಗಿ ಇಷ್ಟು ದೊಡ್ಡ ಸಂಗತಿ ಬಿಡಿಸಿಟ್ಟ ಪ್ರಯೋಗಗಳು ಸಸ್ಯವಿಜ್ಞಾನದಲ್ಲಿ ಹೆಚ್ಚಿಲ್ಲ ಎಂದೇ ನನ್ನ ಎಣಿಕೆ.

ಉತ್ತರ ಕರ್ನಾಟಕದ ಜವೆ ಗೋಧಿಯಲ್ಲಿ ಎ ಮತ್ತು ಬಿ ಮಾತ್ರ ಇವೆ, ಒಟ್ಟು 28 ವರ್ಣತಂತುಗಳು. 5ಬಿಯ ಈ ಕಾವಲು ಅದರಲ್ಲೂ ಇದೆ.

ಆದರೆ ತಳಿ ಅಭಿವೃದ್ಧಿಪಡಿಸುವವರಿಗೆ ಇದೇ ಅಡ್ಡಿ. ಕಾಡುಹುಲ್ಲಿನ ರೋಗನಿರೋಧಕ ಜೀನನ್ನು ಗೋಧಿಗೆ ತರಬೇಕೆಂದರೆ ಅದರ ವರ್ಣತಂತು ಗೋಧಿಯದರೊಡನೆ ಕೂಡಲೇಬೇಕಲ್ಲ. ರೈಲಿ ತಂಡ ಪಿಎಚ್1ನ ಪ್ರಭಾವವನ್ನು ಮತ್ತೊಂದು ಕಾಡುಹುಲ್ಲಿನ ನೆರವಿನಿಂದ ಅಡಗಿಸಿ, ಹಳದಿ ತುಕ್ಕು ರೋಗ ತಡೆಯುವ ಜೀನನ್ನು 1968ರ ವೇಳೆಗೆ ಗೋಧಿಗೆ ತಂದಿತು. ಪಿಎಚ್1 ಭಾಗವೇ ಕಳಚಿಹೋದ ಗೋಧಿಯನ್ನು ಸಿಯರ್ಸ್ 1977ರಲ್ಲಿ ಒದಗಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಅಂಥ ಗಿಡಗಳಲ್ಲಿ ಕಾಳು ಕಟ್ಟುವುದು ಕುಗ್ಗುತ್ತದೆ. ಕಾರಣ ಈಗ ತಿಳಿದಿದೆ. ಆ ಭಾಗದ ‘ಜಿಪ್4’ ಜೀನ್ ಎರಡು ಕೆಲಸ ಮಾಡುತ್ತದೆ: ಸರಿಯಾದ ಜೋಡಿಯನ್ನು ಕೂಡಿಸುವುದು, ದಾಯಾದಿಗಳ ನಡುವಿನ ಅದಲುಬದಲನ್ನು ತಡೆಯುವುದು. ಎರಡನೆಯದನ್ನಷ್ಟೇ ಕೈಬಿಟ್ಟು, ಮೊದಲನೆಯದನ್ನು ಉಳಿಸಿಕೊಂಡ ಗೋಧಿಯ ವಿವರ 2021ರಲ್ಲಿ ಪ್ರಕಟವಾಗಿದೆ.