ಕರೂರಿನಿಂದ ಬಂದೂಕು ಹೊರಡುವ ಮುನ್ನ

ಬೆಳೆ ಕಾಯಲೆಂದೋ ಆತ್ಮರಕ್ಷಣೆಗೆಂದೋ ಲೈಸೆನ್ಸ್ ಪಡೆದ ಬಂದೂಕು ವರ್ಷದ ಹೆಚ್ಚು ದಿನ ಬೀರುವಿನಲ್ಲೇ ಇರುತ್ತದೆ. ಅದು ಗಾಡಿ ಹತ್ತುವುದು ಅಪರೂಪ. ಲೈಸೆನ್ಸ್ ನವೀಕರಣಕ್ಕೆ, ರಿಪೇರಿಗೆ, ಇಲ್ಲವೇ ಚುನಾವಣೆ ಘೋಷಣೆಯಾದಾಗ ಠಾಣೆಯಲ್ಲಿ ಠೇವಣಿ ಇಡಲಿಕ್ಕೆ. ಅಪರೂಪವಾದ್ದರಿಂದಲೇ ತಪ್ಪಾಗುತ್ತದೆ. ‘ಲೈಸೆನ್ಸ್ ಇದೆಯಲ್ಲ’ ಎಂದು ಹೊರಟವರು ಆ ಪುಸ್ತಕ ಬಿಡಿಸಿ ಓದಿರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಓದುವುದು. ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಬಂದೂಕಿನ ಮೇಲೆ ಕೊರೆದ ಸಂಖ್ಯೆ ಪುಸ್ತಕದ ಸಂಖ್ಯೆಗೆ ತಾಳೆಯಾಗುತ್ತದೆಯೇ, ಅವಧಿ ಯಾವಾಗ ಮುಗಿಯುತ್ತದೆ, ಎಷ್ಟು ತೋಟಾ ಇಟ್ಟುಕೊಳ್ಳಬಹುದು, ಯಾವ ಪ್ರದೇಶಕ್ಕೆ ಅನ್ವಯಿಸುತ್ತದೆ. ಕೊನೆಯದನ್ನು ಎರಡು ಸಲ ಓದಿ. ನಮ್ಮ ಕರೂರು ಇರುವ ಸಿರುಗುಪ್ಪ ತಾಲ್ಲೂಕಿನ ಮೂಡಲಿಗೆ ಆಂಧ್ರದ ಕರ್ನೂಲು ಜಿಲ್ಲೆ ತಗುಲಿಕೊಂಡಿದೆ. ಹತ್ತಿ ಮಾರಲು ಆದೋನಿಗೆ, ಹರಕೆ ತೀರಿಸಲು ಮಂತ್ರಾಲಯಕ್ಕೆ ಹೋಗುವುದು ನಮಗೆ ಪಕ್ಕದ ಊರಿಗೆ ಹೋಗಿಬಂದಷ್ಟೇ ಸಲೀಸು. ಆದರೆ ಕರ್ನಾಟಕಕ್ಕೆ, ಅಥವಾ ಬಳ್ಳಾರಿ ಜಿಲ್ಲೆಗೆ ಮಾತ್ರ ಅನ್ವಯಿಸುವ ಲೈಸೆನ್ಸು ಗಡಿಯ ಕಲ್ಲು ದಾಟಿದೊಡನೆ ಕೆಲಸಕ್ಕೆ ಬಾರದು. ರಿಪೇರಿಗೆ ಆಚೆ ಕಡೆಗೆ ಒಯ್ಯಲೇಬೇಕಿದ್ದರೆ, ಬಳ್ಳಾರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತ ಅನುಮತಿ ಸಿಕ್ಕಿದ ಮೇಲೆಯೇ ಗಾಡಿ ಹತ್ತಿಸಿ.

ಅವಧಿ ಮುಗಿದಿದ್ದರೆ ‘ನವೀಕರಣಕ್ಕೇ ಒಯ್ಯುತ್ತಿದ್ದೇನೆ ಸರ್’ ಎಂಬ ಉತ್ತರ ಬಲವಾದದ್ದಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ ಹೇಳುತ್ತದೆ. ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿತು. ಐದು ವರ್ಷದಲ್ಲಿ ತಾರೀಖು ಮರೆಯುವುದು ಸುಲಭ, ಎರಡು ಮೂರು ತಿಂಗಳು ಮೊದಲೇ ಅರ್ಜಿ ಹಾಕಿಬಿಡಿ. ಅವಧಿ ಮೀರಿದ್ದರೆ ಬಳ್ಳಾರಿಗೆ ಹೊರಡಬೇಡಿ. ಹತ್ತಿರದ ಠಾಣೆಗೆ ಮೊದಲು ತಿಳಿಸಿ, ಅಲ್ಲಿ ಜಮೆ ಮಾಡುವುದೇ ಕಾಯ್ದೆಯ 21ನೇ ಕಲಂ ತೋರಿಸುವ ದಾರಿ. ತಂದೆ ತೀರಿಕೊಂಡ ಮನೆಗಳಲ್ಲಿಯೂ ಹೀಗೆಯೇ. ಬಂದೂಕು ಆಸ್ತಿಯಂತೆ ತಾನಾಗಿ ಮಗನ ಕೈಗೆ ಬರುವುದಿಲ್ಲ.

ಯಾರು ಒಯ್ಯಬೇಕು ಎಂಬುದರಲ್ಲಿ ನಮ್ಮ ಕಡೆ ಉದಾಸೀನ ಜಾಸ್ತಿ. ಲೈಸೆನ್ಸುದಾರರೇ ಜೊತೆಗಿದ್ದರೆ ಚಿಂತೆಯಿಲ್ಲ. ವಯಸ್ಸಾದ ತಂದೆ ಬರಲಾಗದೆ ಮಗನನ್ನು ಕಳಿಸುವುದಾದರೆ, ರಿಪೇರಿಗೆ ಅಥವಾ ನವೀಕರಣಕ್ಕೆ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿದ ಪತ್ರ ಮತ್ತು ಮೂಲ ಲೈಸೆನ್ಸ್ ಅವನ ಬಳಿ ಇರಲೇಬೇಕು. ಕಾಯ್ದೆಯ 3ನೇ ಕಲಂ ಕೊಡುವ ಈ ಸವಲತ್ತು ಅಂಥ ಕೆಲಸಗಳಿಗಷ್ಟೇ. ಇನ್ನು, ಡಿಕ್ಕಿಯಲ್ಲಿ ಬಂದೂಕು ಇರುವುದನ್ನು ಮರೆತು ಡ್ರೈವರ್ ಕೈಗೆ ಕೀಲಿ ಕೊಟ್ಟು, ‘ಸರ್ವಿಸಿಂಗ್ ಮಾಡಿಸಿಕೊಂಡು ಬಾ’ ಎಂದು ಕಳಿಸಿದರೆ, ದಾರಿಯಲ್ಲಿ ತಪಾಸಣೆಯಾದಾಗ ಸಿಕ್ಕಿಬೀಳುವವನು ಏನೂ ಅರಿಯದ ಆ ಹುಡುಗ.

ಈಗ ಬಂದೂಕಿನ ಹತ್ತಿರ ಬರೋಣ. ನಳಿಗೆ ಜನರಿಲ್ಲದ ಕಡೆಗಿರಲಿ, ಬೆರಳು ಕುದುರೆಯಿಂದ ದೂರವಿರಲಿ. ಮಡಚುವ ಜೋಡಿ ನಳಿಗೆಯದಾದರೆ ಬಿಚ್ಚಿ, ಎರಡೂ ಕೋಣೆಗಳನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಆಮೇಲೆ ನಳಿಗೆ, ಹಿಡಿಕೆ ಬೇರೆ ಮಾಡಿ ಚೀಲಕ್ಕೆ ಹಾಕಿದರೆ ಆಕಸ್ಮಿಕವಾಗಿ ಹಾರುವ ಮಾತೇ ಇಲ್ಲ. ಬಾಯಿಂದ ಮದ್ದು ತುಂಬುವ ಹಳೆಯ ಕೋವಿಯ ಕಥೆ ಬೇರೆ. ಹೊರಗಿನಿಂದ ನೋಡಿದರೆ ತುಂಬಿದೆಯೋ ಖಾಲಿಯೋ ಗೊತ್ತಾಗದು. ಕೇಪು ತೆಗೆದ ಮೇಲೆ ಗಜದ ಕಡ್ಡಿಯನ್ನು ನಳಿಗೆಯೊಳಗೆ ಇಳಿಬಿಟ್ಟು, ಬಾಯಿಯ ಮಟ್ಟದಲ್ಲಿ ಗುರುತು ಮಾಡಿ ಹೊರಗೆ ತೆಗೆಯಿರಿ. ಅದೇ ಕಡ್ಡಿಯನ್ನು ನಳಿಗೆಯ ಪಕ್ಕದಲ್ಲಿ ಹಿಡಿದರೆ ಗುರುತಿನಿಂದ ಕೆಳಗಿನ ಅಳತೆ ತಳದವರೆಗೆ ಮುಟ್ಟಬೇಕು. ಕಡಿಮೆಯಾದರೆ ಒಳಗೆ ಮದ್ದಿದೆ ಎಂದೇ ತಿಳಿಯಿರಿ. ಅದನ್ನು ಊರೊಳಗೆ ಹಾರಿಸಿ ಖಾಲಿ ಮಾಡುವುದು ಕಾನೂನಿಗೆ ವಿರುದ್ಧ, ಕೆದಕಿ ತೆಗೆಯುವುದು ಪ್ರಾಣಕ್ಕೆ ಅಪಾಯ. ಆ ಕೋವಿ ಗಾಡಿ ಹತ್ತಬಾರದು. ಠಾಣೆಗೋ ಲೈಸೆನ್ಸ್ ಪಡೆದ ಅಂಗಡಿಗೋ ತಿಳಿಸಿ, ಬಲ್ಲವರಿಂದ ತೆಗೆಸಿ.

ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು ಎಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಕಾರಿನಲ್ಲಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಡಿಕ್ಕಿಯಲ್ಲಿ. ತೋಟಾ ಬೇರೆ ಡಬ್ಬಿಯಲ್ಲಿ, ಬೇರೆ ಜಾಗದಲ್ಲಿ. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಷ್‌ಬೋರ್ಡಿನ ಮೇಲೆ ತೋಟಾ ಇಡಬೇಡಿ. ಕೂಲಿಯಾಳುಗಳು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಇದಕ್ಕೆ ತಕ್ಕ ಗಾಡಿಯಲ್ಲ. ಬೈಕಿಗಿಂತ ಕಾರು ಮೇಲು.

ಹೊರಟಮೇಲೆ ನೇರವಾಗಿ ಹೋಗಿ ನೇರವಾಗಿ ಬನ್ನಿ. ಜಾತ್ರೆ, ಮೆರವಣಿಗೆ, ಜನಸಂದಣಿ, ಶಾಲೆ ಕಾಲೇಜಿನ ಆವರಣ ಇವುಗಳಿಗೆ ಆಯುಧ ಒಯ್ಯಬಾರದೆಂಬ ಷರತ್ತು ಲೈಸೆನ್ಸಿನಲ್ಲೇ ಇದೆ. ಕುರುಗೋಡಿನ ದೊಡ್ಡಬಸವೇಶ್ವರ ತೇರಿಗೆ ದಾರಿಯಲ್ಲೇ ಕೈಮುಗಿದು ಹೋಗೋಣ ಎಂದುಕೊಳ್ಳಬೇಡಿ, ಬಳ್ಳಾರಿಯಲ್ಲಿ ಮಗಳ ಹಾಸ್ಟೆಲ್ ಗೇಟಿನೊಳಗೆ ಕಾರು ತಿರುಗಿಸಬೇಡಿ. ಷರತ್ತು ಮುರಿದರೆ 6 ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸೇ ರದ್ದಾಗಲೂಬಹುದು. ಮದುವೆ ಮನೆಯಲ್ಲಿ ಖುಷಿಗೆಂದು ಗಾಳಿಯಲ್ಲಿ ಹಾರಿಸುವವರಿಗೆ 2019ರಿಂದ ಬೇರೆಯೇ ಕಲಂ ಇದೆ: 2 ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ದರೋಜಿ ಕರಡಿಧಾಮದ ಕಡೆ ಹೋಗುವವರಿಗೆ ಒಂದು ಮಾತು: ಅಭಯಾರಣ್ಯದೊಳಗೆ ಆಯುಧ ಒಯ್ಯಲು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ ಎಂದು ವಾದಿಸುವವರು ಕಟ್ಟೆಯ ಮೇಲೆ ಸಿಗುತ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ನಮಗಲ್ಲ.

ಚೆಕ್‌ಪೋಸ್ಟಿನಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ‘ಸರ್, ಡಿಕ್ಕಿಯಲ್ಲಿ ಲೈಸೆನ್ಸ್ ಇರುವ ಬಂದೂಕಿದೆ, ಖಾಲಿ ಇದೆ’ ಎಂದು ಮೊದಲೇ ಹೇಳಿ. ಅವರೇ ತೆರೆಯಲಿ. ಲೈಸೆನ್ಸ್ ಕೇಳಿ ನೋಡುವ ಅಧಿಕಾರ ಪೊಲೀಸರಿಗೆ ಶಸ್ತ್ರಾಸ್ತ್ರ ಕಾಯ್ದೆಯ 19ನೇ ಕಲಂನಲ್ಲಿದೆ, ತೋರಿಸದಿದ್ದರೆ ವಶಪಡಿಸಿಕೊಳ್ಳಬಹುದು. ಆದ್ದರಿಂದ ಮೂಲ ಪುಸ್ತಕವೇ ಜೇಬಿನಲ್ಲಿರಲಿ, ಮೊಬೈಲಿನ ಫೋಟೊ ನಂಬಬೇಡಿ. ಚುನಾವಣೆ ನೀತಿ ಸಂಹಿತೆ ಅಥವಾ ನಿಷೇಧಾಜ್ಞೆ ಜಾರಿಯಲ್ಲಿದ್ದಾಗ ಜಿಲ್ಲಾಡಳಿತದ ಆದೇಶದಂತೆ ಠೇವಣಿಗೆ ಒಯ್ಯುವುದಾದರೂ ಠಾಣೆಗೆ ಫೋನ್ ಮಾಡಿ, ಆದೇಶದ ಪ್ರತಿ ಜೊತೆಗಿಟ್ಟುಕೊಳ್ಳಿ. ಒಪ್ಪಿಸಿದ ಮೇಲೆ ಬಂದೂಕಿನ ಸಂಖ್ಯೆ, ತೋಟಾಗಳ ಲೆಕ್ಕ ನಮೂದಾದ ರಸೀದಿ ಕೈಗೆ ಬರುವವರೆಗೆ ಠಾಣೆ ಬಿಟ್ಟು ಕದಲಬೇಡಿ.