ಶರವೆಂಬ ಪದದ ಅರ್ಥವೂ ಉಪಯೋಗವೂ

ವೃತ್ತದ ಪರಿಧಿಯ ತುಂಡು ಚಾಪ, ಎಂದರೆ ಬಿಲ್ಲು. ಅದರ ತುದಿಗಳನ್ನು ಕೂಡಿಸುವ ಸರಳರೇಖೆ ಜ್ಯಾ, ಎಂದರೆ ಹೆದೆ. ಹೆದೆಯ ನಡುವಿನಿಂದ ಬಿಲ್ಲಿನ ನಡುವಿನವರೆಗಿನ ಎತ್ತರವೇ ಶರ. ಜ್ಯಾ ಪದವು ನಮ್ಮ ಹುಡುಗಿಯರಿಗೆ ಪರಿಚಿತ. ಶರವು ಅಪರೂಪವಾಯಿತು, ಇದು ವ್ಯಸನಕರ.

ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಹೇಳಿರುವ ಸೂತ್ರವಿದು: ಜ್ಯಾದ ಅರ್ಧವನ್ನು ವರ್ಗಿಸಿ, ಶರದಿಂದ ಭಾಗಿಸಿ, ಬಂದುದಕ್ಕೆ ಶರವನ್ನು ಕೂಡಿಸಿದರೆ ವ್ಯಾಸವು ದೊರೆಯುವುದು. ತಾಯಂದಿರೇ, ಒಡೆದ ಬಳೆಯ ಚೂರೊಂದರ ಒಳಅಂಚನ್ನು ಅಳೆಯಿರಿ. ಜ್ಯಾ 2 ಇಂಚು, ಶರ ½ ಇಂಚು ಇದ್ದರೆ ಇಡೀ ಬಳೆಯ ವ್ಯಾಸ 2½ ಇಂಚು. ಬಳೆಗಾರರ ಮಾತಿನಲ್ಲಿ ‘ಎರಡು-ಎಂಟು’.

ಆದರೆ ಸೂತ್ರವನ್ನು ಬರಿದೆ ಬಾಯಿಪಾಠ ಮಾಡಿದವಳು ಭೋಜದ ದೂಧಗಂಗೆಯ ತಿರುವಿಗೂ ವ್ಯಾಸವನ್ನು ಹೇಳಿಬಿಟ್ಟಾಳು! ಬಳೆಯ ಚೂರನ್ನು ಎಲ್ಲಿ ಅಳೆದರೂ ಒಂದೇ ವ್ಯಾಸ ಬರುವುದು. ಹೊಳೆಯ ದಂಡೆಯಲ್ಲಿ ಹಾಗೆ ಬಾರದು.