ಹಣ್ಣು, ಕಟ್ಟಿದ ಮೊಸರು, ಜೋಳದ ಅಳ್ಳು: ಮನೆಯಲ್ಲೇ ಪಾರ್ಫೆ

ಪಾರ್ಫೆ ಎಂಬುದು ‘ಪರಿಪೂರ್ಣ’ ಎಂಬ ಅರ್ಥದ ಫ್ರೆಂಚ್ ಪದ. ಮೂಲದಲ್ಲಿ ಅದು ಕೆನೆ, ಮೊಟ್ಟೆ ಮತ್ತು ಸಕ್ಕರೆ ಪಾಕ ಕೂಡಿಸಿ ಮಂಜುಗಟ್ಟಿಸುವ ಸಿಹಿಯಾಗಿದ್ದು, ಮುಂದೆ ಅಮೆರಿಕದಲ್ಲಿ ಮೊಸರು, ಹಣ್ಣು, ಹುರಿದ ಧಾನ್ಯಗಳನ್ನು ಗಾಜಿನ ಲೋಟದಲ್ಲಿ ಪದರಪದರವಾಗಿ ತುಂಬುವ ಉಪಾಹಾರಕ್ಕೂ ಅದೇ ಹೆಸರು ನಿಂತಿತು. ಈ ಎರಡನೆಯ ಬಗೆಗೆ ಬೇಕಾದುದೆಲ್ಲ ಕೊಪ್ಪಳ ಜಿಲ್ಲೆಯಲ್ಲಿಯೇ ಬೆಳೆಯುತ್ತದೆ: ಕುಷ್ಟಗಿಯ ದಾಳಿಂಬೆ, ಕೊಪ್ಪಳ ಸುತ್ತಲಿನ ಕೇಸರ್ ಮಾವು, ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಾಳೆ, ಯಲಬುರ್ಗಾದ ಒಣಭೂಮಿಯ ಜೋಳ ಮತ್ತು ಶೇಂಗಾ. ಪೇಟೆಯ ಗ್ರೀಕ್ ಮೊಸರು, ಗ್ರಾನೋಲಾ ಪೊಟ್ಟಣಗಳಿಗೆ ಹಣ ಸುರಿಯುವ ಅಗತ್ಯವೇ ಇಲ್ಲ.

ಈ ತಿನಿಸು ಕೆಡುವುದು ನೀರಿನಿಂದ. ಆದ್ದರಿಂದ ಮೊದಲ ಗಮನ ಮೊಸರಿಗೆ ಸಲ್ಲಬೇಕು. ಒಂದು ಲೀಟರ್ ಹಾಲನ್ನು ಕಾಯಿಸಿ, ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಒಂದು ಚಮಚ ಹೆಪ್ಪು ಬೆರೆಸಿ ಮುಚ್ಚಿಟ್ಟರೆ, ಬೇಸಿಗೆಯಲ್ಲಿ ಐದಾರು ಗಂಟೆಗಳಲ್ಲಿ, ಚಳಿಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ಮೊಸರಾಗುತ್ತದೆ. ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವುದೇ ಹೆಪ್ಪುಗೊಳ್ಳುವಿಕೆಯಾಗಿದ್ದು, ಹೊತ್ತು ಮೀರಿದಷ್ಟೂ ಹುಳಿ ಏರುತ್ತದೆ. ಈ ಮೊಸರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಜರಡಿಯ ಮೇಲಿಟ್ಟು, ಮೂರು ಗಂಟೆ ಫ್ರಿಜ್‌ನಲ್ಲಿ ಬಿಡಬೇಕು. ನೀರಿಳಿದು ಉಳಿಯುವ ಗಟ್ಟಿ ಭಾಗವೇ ಶ್ರೀಖಂಡಕ್ಕೆ ಬಳಸುವ ಚಕ್ಕಾ. ಪೇಟೆಯಲ್ಲಿ ಗ್ರೀಕ್ ಮೊಸರೆಂದು ಮಾರುವುದೂ ಹೀಗೆ ಸೋಸಿ ಗಟ್ಟಿ ಮಾಡಿದ ಮೊಸರೇ. ಇಳಿದ ನೀರನ್ನು ಚೆಲ್ಲದೆ ಚಪಾತಿ ಹಿಟ್ಟು ನಾದಲು ಬಳಸಬಹುದು.

ಗ್ರಾನೋಲಾ ಎಂದರೆ ಓಟ್ಸ್, ಬೀಜಗಳನ್ನು ಎಣ್ಣೆ ಮತ್ತು ಸಿಹಿಯೊಂದಿಗೆ ಹುರಿದ ಗರಿಗರಿ ಮಿಶ್ರಣ. ಅದರ ಜಾಗದಲ್ಲಿ ನಾಗರ ಪಂಚಮಿಗೆ ಈ ಭಾಗದ ಮನೆಗಳಲ್ಲಿ ಹುರಿಯುವ ಜೋಳದ ಅಳ್ಳನ್ನು ಬಳಸುವುದು ಎಲ್ಲ ರೀತಿಯಿಂದಲೂ ಮೇಲು, ಏಕೆಂದರೆ ಅಳ್ಳು ಅರಳುವುದಕ್ಕೆ ಎಣ್ಣೆಯೂ ಬೇಡ, ಸಕ್ಕರೆಯೂ ಬೇಡ. ಒಂದು ಬಟ್ಟಲು ಅಳ್ಳಿಗೆ ಎರಡು ಚಮಚ ಹುರಿದು ಸಿಪ್ಪೆ ತೆಗೆದು ತರಿಯಾಗಿ ಕುಟ್ಟಿದ ಶೇಂಗಾ ಮತ್ತು ಒಂದು ಚಮಚ ಬೆಲ್ಲದ ಪುಡಿ ಸಾಕು. ಚಿಕ್ಕ ಮಕ್ಕಳಿಗೆ ಇಡಿಯ ಶೇಂಗಾ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅದನ್ನು ನುಣ್ಣಗೆ ಪುಡಿ ಮಾಡಬೇಕು; ಅಳ್ಳನ್ನೂ ಅವರಿಗೆ ಪುಡಿ ಮಾಡಿಯೇ ಹಾಕಬೇಕು. ಬೆಲ್ಲದ ಬದಲು ಜೇನುತುಪ್ಪ ಬಳಸುವವರು ಒಂದು ವರ್ಷ ತುಂಬದ ಕೂಸಿಗೆ ಅದನ್ನು ಕೊಡಲೇಬಾರದು.

ಹಣ್ಣನ್ನು ಋತುವಿಗೆ ತಕ್ಕಂತೆ ಆರಿಸಬೇಕು. ದಾಳಿಂಬೆ ಕಾಳುಗಳನ್ನು ಬಿಡಿಸಿ ಬಟ್ಟೆಯ ಮೇಲೆ ಹರಡಿ ತೇವ ಆರಿಸಿಕೊಂಡರೆ ಮೊಸರು ಕೆಂಪಾಗುವುದಿಲ್ಲ. ಮಾವು ಮೆತ್ತಗಾಗದೆ ಬಿಗಿಯಾಗಿರುವಾಗಲೇ ಹೆಚ್ಚಿಕೊಳ್ಳಬೇಕು. ಬಾಳೆ ಬೇಗ ಕಪ್ಪಾಗುವುದರಿಂದ ಬಡಿಸುವ ಮುನ್ನವಷ್ಟೇ ಕತ್ತರಿಸಬೇಕು. ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವವಿರುವ ಪೇರಲ ಚಳಿಗಾಲಕ್ಕೆ ಉತ್ತಮ ಆಯ್ಕೆ. ಹಸಿ ಅನಾನಸಿನಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವವಿದ್ದು, ಮೊಸರಿನೊಡನೆ ಬೆರೆತು ಹೊತ್ತಾದರೆ ಕಹಿ ಬರುವುದರಿಂದ ಅದನ್ನು ಬಿಡುವುದೇ ಒಳ್ಳೆಯದು.

ಇನ್ನು ಜೋಡಣೆ. ಲೋಟದ ತಳಕ್ಕೆ ಮೂರು ಚಮಚ ಕಟ್ಟಿದ ಮೊಸರು, ಅದರ ಮೇಲೆ ಹಣ್ಣು, ಮತ್ತೆ ಮೊಸರು, ಮತ್ತೆ ಹಣ್ಣು. ಏಲಕ್ಕಿ ಪುಡಿಯ ಚಿಟಿಕೆಯನ್ನು ಮೊಸರಿಗೇ ಬೆರೆಸಿಕೊಂಡರೆ ಸಿಹಿ ಕಡಿಮೆಯಿದ್ದರೂ ರುಚಿ ಸಪ್ಪೆಯೆನಿಸದು. ಮಧುಮೇಹವಿರುವವರು ಬೆಲ್ಲ ಬಿಟ್ಟು, ಮಾವು-ಬಾಳೆಗಳ ಬದಲು ಪೇರಲದ ಹೋಳುಗಳನ್ನು ಮಿತವಾಗಿ ಬಳಸುವುದು ಲೇಸು. ಮೊಸರು ಮತ್ತು ಹಣ್ಣಿನ ಪದರಗಳನ್ನು ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಬಹುದಾದರೂ ಇಲ್ಲಿನ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಹೊರಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. ಅಳ್ಳನ್ನು ಮಾತ್ರ ತಿನ್ನುವ ಹೊತ್ತಿಗೇ ಮೇಲೆ ಉದುರಿಸಬೇಕು. ಮೊದಲೇ ಹಾಕಿದರೆ ಅದು ತೇವ ಹೀರಿ ಹತ್ತಾರು ನಿಮಿಷಗಳಲ್ಲಿ ಮೆತ್ತಗಾಗುತ್ತದೆ.